ಕಿವಿರಾಯರ ಕಾರಿನ ಸೋರಿಕೆ

ಅವರ ನಿಜವಾದ ಹೆಸರು ಪಿಂಚಣಿ ಕಚೇರಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವರು ಕಿವಿರಾಯರು. ನೀರು ಸರಬರಾಜು ಇಲಾಖೆಯಲ್ಲಿ ಸೋರಿಕೆ ಪತ್ತೆ ಮಾಡುವ ಇನ್ಸ್‌ಪೆಕ್ಟರ್ ಆಗಿ ತಲೆ ನರೆಯುವ ತನಕ ದುಡಿದವರು. ಉದ್ದನೆಯ ಕಬ್ಬಿಣದ ಸರಳು, ಅದರ ತುದಿಗೆ ಮರದ ಪುಟ್ಟ ಬಟ್ಟಲು. ಸರಳನ್ನು ಬೀದಿಗೆ ಊರಿ, ಬಟ್ಟಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತರೆಂದರೆ ನೆಲದೊಳಗೆ ಪೈಪು ಎಲ್ಲಿ ಬಾಯಿಬಿಟ್ಟಿದೆ ಎಂಬುದು ಅವರಿಗೆ ಕೇಳಿಸುತ್ತಿತ್ತು. ಹಾಗೆ ನಿಂತಾಗ ಬೀದಿಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಒಮ್ಮೆ ಹೆಣದ ಹಿಂದೆ ಅಳುತ್ತ ಹೊರಟಿದ್ದವರನ್ನೂ ಬೆರಳೆತ್ತಿ ಸುಮ್ಮನಾಗಿಸಿದ್ದರಂತೆ. ಹೆಣ ಹೇಗೂ ಸುಮ್ಮನಿತ್ತು.

ಕಿವಿಯ ಜೊತೆಗೆ ಅವರಿಗೊಂದು ಸಿದ್ಧಾಂತವೂ ಇತ್ತು, ಅದು ಇಲಾಖೆ ಕಲಿಸಿದ್ದು. ಎಲ್ಲಾದರೂ ನೀರು ಕಾಣೆಯಾದರೆ ಪೈಪಿಗಿಂತ ಮೊದಲು ಮನೆಯವರನ್ನು ಅನುಮಾನಿಸಬೇಕು. ಪೈಪು ಇಲಾಖೆಯದು, ಅದನ್ನು ಅನುಮಾನಿಸಿದರೆ ಮೇಲಿನವರನ್ನು ಅನುಮಾನಿಸಿದಂತೆ. ಮನೆಯವರಾದರೆ ಯಾರದೋ ಮನೆಯವರು. ಹೀಗೆ ಕಿವಿರಾಯರು ಎಷ್ಟೋ ಅಡುಗೆಮನೆಗಳಿಗೆ ನುಗ್ಗಿ, ಹಿತ್ತಿಲ ತೊಟ್ಟಿಗಳಲ್ಲಿ ಕೈಯಾಡಿಸಿ, ಒಂದು ಬಟ್ಟೆಯನ್ನು ಎಷ್ಟು ಸಲ ಜಾಲಾಡಿಸುತ್ತೀರಿ ಎಂದು ಹೆಂಗಸರ ಮುಖಕ್ಕೆ ಹೊಡೆದಂತೆ ಕೇಳಿ, ಆಮೇಲೆ ಬೀದಿ ಅಗೆಸಿ, ಒಡೆದ ಪೈಪನ್ನು ಕಂಡುಹಿಡಿದು, ಮೇಲಿನವರಿಂದ ಶಹಬ್ಬಾಸ್ ಗಿಟ್ಟಿಸಿಕೊಂಡಿದ್ದರು. ಆ ಹೆಂಗಸರ ಬಾಗಿಲಿಗೆ ಹಿಂತಿರುಗಿ ಹೋಗಿ ಏನಾದರೂ ಹೇಳುವ ಪದ್ಧತಿ ಇಲಾಖೆಯಲ್ಲಿ ಇರಲಿಲ್ಲ.

ನಿವೃತ್ತರಾದ ಮೇಲೆ ಅವರ ಅಧಿಕಾರ ನಡೆಯುವ ಜಾಗವೆಂದರೆ ಕಾರು ಒಂದೇ ಉಳಿಯಿತು. ಒಂದು ಕಾಲಕ್ಕೆ ನೀಲಿಯಾಗಿದ್ದ ಕಾರು. ಅದರ ಬಾಗಿಲುಗಳನ್ನು ತೆಗೆಯುವುದಕ್ಕೂ ಹಾಕುವುದಕ್ಕೂ ಒಂದೊಂದಕ್ಕೂ ಒಂದೊಂದು ಬಗೆಯ ಉಪಾಯ ಬೇಕು. ಆ ಉಪಾಯಗಳು ತಮಗೆ ಮಾತ್ರ ಗೊತ್ತೆಂದು ಅವರ ಹೆಮ್ಮೆ. ವಾರದ ದಿನಗಳಲ್ಲಿ ತರಕಾರಿ ಮಾರುಕಟ್ಟೆಗೆ, ಗ್ರಂಥಾಲಯಕ್ಕೆ, ಹಳೆಯ ಸಹೋದ್ಯೋಗಿಗಳು ಸೇರುವ ಪಾರ್ಕಿನ ಬೆಂಚಿಗೆ ಅದರಲ್ಲೇ ಸವಾರಿ. ಭಾನುವಾರ ಮಾತ್ರ ದೂರದ ಪ್ರಯಾಣ. ಬೆಟ್ಟದ ಆಚೆ ಬದಿಯಲ್ಲಿ ಹೆಂಡತಿಯ ಅಕ್ಕ ಇದ್ದಳು, ಹೆರಿಗೆ ಆಸ್ಪತ್ರೆಯಲ್ಲಿ ಸೂಲಗಿತ್ತಿಯಾಗಿದ್ದು ನಿವೃತ್ತಳಾದವಳು. ಮಂಡಿ ಹಿಡಿದುಕೊಂಡಿದ್ದರೂ ನಾಲಿಗೆ ಚೆನ್ನಾಗಿ ಓಡಾಡುತ್ತಿತ್ತು. ಹೆಂಡತಿ ಒಂದು ಫ್ಲಾಸ್ಕ್ ತುಂಬ ಚಹಾ ಮಾಡಿಕೊಂಡು, ಗಂಡನ ಪಕ್ಕದ ಸೀಟಿನಲ್ಲಿ ಕುಳಿತು, ದಾರಿಯುದ್ದಕ್ಕೂ ಮಾತಾಡುತ್ತ ಅಕ್ಕನ ಮನೆಗೆ ಹೋಗುತ್ತಿದ್ದಳು. ಕಿವಿರಾಯರು ಎಂಜಿನ್ನಿನ ಸದ್ದು ಕೇಳುತ್ತ ಓಡಿಸುತ್ತಿದ್ದರು.

ಬೆಟ್ಟದ ದಾರಿಯಲ್ಲಿ ಚಳಿ ಹೆಚ್ಚು. ಆಕೆಗೆ ಪಾದ ಮರಗಟ್ಟುತ್ತಿತ್ತು. ಹೀಟರ್ ಹಾಕಿಕೊಂಡು ಕಾರು ಓಡಿಸುವುದು ಕಂಬಳಿ ಹೊದ್ದುಕೊಂಡು ಕಚೇರಿಗೆ ಹೋದಂತೆ ಎಂಬುದು ಕಿವಿರಾಯರ ಅಭಿಪ್ರಾಯ. ಹಾಗಾಗಿ ಒಬ್ಬರೇ ಇದ್ದಾಗ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಹೆಂಡತಿ ಇದ್ದಾಗ ಮಾತ್ರ, ವಿಶೇಷ ಭತ್ಯೆ ಮಂಜೂರು ಮಾಡುವವರ ಮುಖ ಮಾಡಿಕೊಂಡು ಹೀಟರಿನ ಹಿಡಿಯನ್ನು ಎಳೆಯುತ್ತಿದ್ದರು.

ಚಳಿಗಾಲ ಕಾಲಿಟ್ಟ ಮೇಲೆ ಒಂದು ಸೋಮವಾರ ಬಾನೆಟ್ ಎತ್ತಿ ನೋಡಿದಾಗ, ಎಂಜಿನ್ನನ್ನು ತಂಪಾಗಿಡುವ ಹಸಿರು ನೀರು, ಮೆಕ್ಯಾನಿಕ್ಕುಗಳು ಕೂಲೆಂಟ್ ಎನ್ನುವುದು, ಡಬ್ಬಿಯಲ್ಲಿ ಇರಬೇಕಾದ ಗೆರೆಗಿಂತ ಕೆಳಗಿಳಿದಿತ್ತು. ಬೇರೆ ಯಾರಾದರೂ ಆಗಿದ್ದರೆ ತಲೆ ಬಿಸಿ ಮಾಡಿಕೊಳ್ಳುತ್ತಿದ್ದರು. ಕಿವಿರಾಯರ ಮುಖ ಅರಳಿತು. ಪತ್ತೇದಾರನ ಮನೆಗೇ ಕಳ್ಳ ನುಗ್ಗಿದ್ದ. ಅಟ್ಟದ ಮೇಲಿದ್ದ ಸರಳನ್ನು ಇಳಿಸಿ, ಬಟ್ಟಲಿನ ಧೂಳು ಒರೆಸಿ, ಎಂಜಿನ್ ಚಾಲೂ ಮಾಡಿ, ಅದರ ಅಂಗಾಂಗಕ್ಕೂ ಸರಳು ಮುಟ್ಟಿಸಿ ಕಿವಿಗೊಟ್ಟರು. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಪಾತ್ರೆ ಸದ್ದಾದರೆ ಬೆರಳೆತ್ತುತ್ತಿದ್ದರು.

ಪೈಪಿನೊಳಗೆ ಒತ್ತಡದಲ್ಲಿ ಹರಿಯುವ ಊರಿನ ನೀರು ಸೋರುವಾಗ ಸಿಳ್ಳೆ ಹಾಕುತ್ತದೆ. ಕಾರಿನ ಕೂಲೆಂಟ್ ಹಾಗಲ್ಲ. ಅದು ಅತ್ತೆಮನೆಯಲ್ಲಿ ಅಳುವ ಸೊಸೆಯಂತೆ, ಸದ್ದಿಲ್ಲದೆ ಒಂದೊಂದೇ ಹನಿ. ಇದು ಕಿವಿರಾಯರಿಗೆ ಗೊತ್ತಿರಲಿಲ್ಲ. ಆದರೆ ಕೇಳಬೇಕೆಂದು ನಿಂತ ಕಿವಿಗೆ ಏನಾದರೊಂದು ಕೇಳಿಸದೆ ಇರುತ್ತದೆಯೇ? ವಾಟರ್ ಪಂಪಿನಲ್ಲಿ ಗಂಟಲು ಕಟ್ಟಿದಂಥ ಸದ್ದು ಕೇಳಿಸಿತು. ತೀರ್ಪು ಹಿಡಿದುಕೊಂಡು ಗ್ಯಾರೇಜಿಗೆ ಹೋದರು.

ಗ್ಯಾರೇಜಿನ ಮೆಕ್ಯಾನಿಕ್ಕಿಗೆ ಜನ ಬದಲಿ ಮೇಸ್ತ್ರಿ ಎನ್ನುತ್ತಿದ್ದರು. ಯಾವ ಕಾಯಿಲೆ ಹೇಳಿದರೂ ಅವನ ಔಷಧಿ ಒಂದೇ.

"ಹಾಗಾದ್ರೆ ಪಂಪ್ ಬದಲಾಯಿಸಿಬಿಡೋಣ ರಾಯರೇ," ಎಂದ. ಕೈ ಒರೆಸುತ್ತಿದ್ದ ಬಟ್ಟೆಯನ್ನು ಆಗಲೇ ಹೆಗಲಿಗೆ ಹಾಕಿಕೊಂಡಿದ್ದ.

ಪಂಪ್ ಹೊಸದಾಯಿತು. ಮುಂದಿನ ಭಾನುವಾರ ಕಳೆದ ಮೇಲೆ ಹಸಿರು ನೀರು ಮತ್ತೆ ಕೆಳಗಿಳಿಯಿತು. ಕಿವಿರಾಯರು ಮತ್ತೆ ಕಿವಿಗೊಟ್ಟರು. ರೇಡಿಯೇಟರಿನ ಮುಚ್ಚಳ ಉಸ್ ಎನ್ನುವಂತಿತ್ತು. ಮುಚ್ಚಳ ಬದಲಾಯಿತು. ಮೇಲಿನ ಹೋಸ್ ಪೈಪ್ ಬದಲಾಯಿತು, ಕೆಳಗಿನದು ತಾನೇನು ಪಾಪ ಮಾಡಿದ್ದೆ ಎಂದು ಕೇಳುವ ಮೊದಲೇ ಅದೂ ಬದಲಾಯಿತು. ರಾತ್ರಿ ಕಾರಿನ ಹೊಟ್ಟೆಯ ಕೆಳಗೆ ರಟ್ಟು ಹಾಸಿಟ್ಟು ಬೆಳಿಗ್ಗೆ ನೋಡಿದರೆ ರಟ್ಟಿನ ಮೇಲೆ ಒಂದು ಹನಿಯೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತ ಇಬ್ಬರೂ ಸಂಭ್ರಮದಿಂದಿದ್ದರು. ಕೊನೆಗೆ ಮೇಸ್ತ್ರಿ ದನಿ ತಗ್ಗಿಸಿ, ಎಂಜಿನ್ನಿನ ತಲೆಯನ್ನೇ ಬಿಚ್ಚಿ ಒಳಗಿನ ಗ್ಯಾಸ್ಕೆಟ್ ನೋಡಬೇಕಾಗಬಹುದು ಎಂದ. ಆಪರೇಷನ್ನಿಗೆ ಒಪ್ಪಿಗೆ ಕೇಳುವ ಡಾಕ್ಟರನ ಹಾಗೆ ಭುಜದ ಮೇಲೆ ಕೈಯನ್ನೂ ಇಟ್ಟ.

ಇಷ್ಟರ ನಡುವೆ ಇನ್ನೊಂದು ಪ್ರಕರಣವೂ ನಡೆಯುತ್ತಿತ್ತು. ಹೆಂಡತಿಯ ಕಾಲಡಿ ಒದ್ದೆಯಾಗುತ್ತಿತ್ತು.

ಮೊದಲ ಸಲ ಹೇಳಿದಾಗ ಕಿವಿರಾಯರು ಫ್ಲಾಸ್ಕಿನ ಬಿರಡೆ ಸರಿಯಾಗಿ ಹಾಕು ಎಂದರು. ಎರಡನೆಯ ಸಲ, ಬರೀ ಒದ್ದೆಯಲ್ಲ, ಕಾಲಿಗೆ ಅಂಟಂಟಾಗುತ್ತದೆ ಎಂದಳು. ಚಹಾಕ್ಕೆ ಅಷ್ಟೊಂದು ಸಕ್ಕರೆ ಸುರಿದರೆ ಇನ್ನೇನಾಗುತ್ತದೆ ಎಂದರು. ಕಾರಿನೊಳಗೆ ಏನೋ ಸಿಹಿಸಿಹಿ ವಾಸನೆ ಎಂದಾಗ, ಅದು ಅವಳ ಹೊಸ ತಲೆಎಣ್ಣೆ ಎಂದು ತೀರ್ಮಾನಿಸಿ ಕಿಟಕಿ ಇಳಿಸಿದರು. ಮುಂದಿನ ಗಾಜಿನ ಒಳಮೈಗೆ ಮಂಜು ಕಟ್ಟಿ, ಒರೆಸಿದರೂ ಜಿಡ್ಡಿನಂತೆ ಉಳಿಯುತ್ತಿತ್ತು. ಆ ವಿಷಯವನ್ನು ಆಕೆ ಎತ್ತಲಿಲ್ಲ, ಅವರೇ ಎತ್ತಿದರು.

"ಸ್ವಲ್ಪ ಮಾತು ಕಡಿಮೆ ಮಾಡು. ನಿನ್ನ ಉಸಿರಿಗೆ ಗಾಜೆಲ್ಲ ಮಂಜಾಗ್ತಿದೆ."

ಆಕೆ ಆ ದಿನ ಬೆಟ್ಟ ಇಳಿಯುವ ತನಕ ಬಾಯಿ ಬಿಡಲಿಲ್ಲ. ಗಾಜು ಮಾತ್ರ ಮಂಜಾಗುತ್ತಲೇ ಇತ್ತು. ಅದು ಅವಳು ಮೊದಲೇ ಆಡಿದ ಮಾತಿನ ಉಳಿಕೆ ಇರಬೇಕೆಂದುಕೊಂಡು ಕಿವಿರಾಯರು ತೋಳಿನಿಂದ ಒರೆಸಿಕೊಂಡು ಓಡಿಸಿದರು.

ಬಾನೆಟ್ಟಿನ ಕೆಳಗೆ ಒಂದು ನೀರು ಕಾಣೆಯಾಗುತ್ತಿದೆ, ಸೀಟಿನ ಕೆಳಗೆ ಒಂದು ನೀರು ಕಾಣಿಸಿಕೊಳ್ಳುತ್ತಿದೆ. ಇವೆರಡನ್ನೂ ಒಂದು ಮೇಜಿನ ಮೇಲಿಟ್ಟು ನೋಡಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಆದರೆ ಕಿವಿರಾಯರ ತಲೆಯಲ್ಲಿ ಒಂದು ತಾಂತ್ರಿಕ ಶಾಖೆಗೆ ಸೇರಿದ್ದು, ಇನ್ನೊಂದು ಗೃಹಕೃತ್ಯಕ್ಕೆ ಸೇರಿದ್ದು. ಒಂದು ಶಾಖೆಯ ಕಡತ ಇನ್ನೊಂದು ಶಾಖೆಗೆ ಹೋಗಬಾರದೆಂಬ ಶಿಸ್ತನ್ನು ಅವರು ಇಲಾಖೆಯಲ್ಲಿದ್ದಾಗಲೂ ಮುರಿದವರಲ್ಲ.

ಶಿಸ್ತಿನಿಂದಲೇ ಅವರೊಂದು ಪ್ರಯೋಗ ಮಾಡಿದರು. ವಾರವಿಡೀ ಒಬ್ಬರೇ ಮಾರುಕಟ್ಟೆಗೂ ಪಾರ್ಕಿಗೂ ಓಡಾಡಿ, ಪ್ರತಿಸಲವೂ ಬಗ್ಗಿ ಪಕ್ಕದ ಸೀಟಿನ ಕೆಳಗೆ ಕೈಯಾಡಿಸಿದರು. ಒಣಗಿತ್ತು. ಭಾನುವಾರ ಹೆಂಡತಿ ಕೂತಳು, ಒದ್ದೆಯಾಯಿತು. ಮತ್ತೊಂದು ವಾರ, ಮತ್ತೆ ಹಾಗೆಯೇ. ಅವಳಿದ್ದರೆ ಒದ್ದೆ, ಇಲ್ಲದಿದ್ದರೆ ಒಣ. ಹೀಟರಿನ ಹಿಡಿಯೂ ಭಾನುವಾರ ಮಾತ್ರ ಎಳೆಯಲ್ಪಡುತ್ತದೆ ಎಂಬುದು ಅವರ ಪ್ರಯೋಗದೊಳಗೆ ಬರಲಿಲ್ಲ. ಹಿಡಿ ಎಳೆಯುವ ಕೈ ಅವರದೇ ಆಗಿತ್ತು, ತಪಾಸಣೆ ಮಾಡುವವನ ಕೈಯನ್ನು ಯಾರು ತಪಾಸಣೆ ಮಾಡುತ್ತಾರೆ?

ಆ ಭಾನುವಾರ ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಪಕ್ಕದ ಮನೆಯ ಇಬ್ಬರು ಹೆಂಗಸರೂ ಕೂತಿದ್ದರು. ಕಿವಿರಾಯರು ಹೆಂಡತಿಯ ಚೀಲದಿಂದ ಫ್ಲಾಸ್ಕ್ ಹೊರತೆಗೆದು, ಒಂದು ಬಿಳಿ ತಟ್ಟೆ ತರಿಸಿ, ಅದರ ಮೇಲೆ ಫ್ಲಾಸ್ಕನ್ನು ತಲೆಕೆಳಗಾಗಿ ಹಿಡಿದು ನಿಂತರು. ಎಲ್ಲರೂ ತಟ್ಟೆಯನ್ನೇ ನೋಡಿದರು. ಹೆಂಡತಿ ಗೋಡೆ ನೋಡಿದಳು. ಬಹಳ ಹೊತ್ತಾದರೂ ಹನಿ ಬೀಳಲಿಲ್ಲ.

"ಈಗ ಸೋರ್ತಿಲ್ಲ ಅಂದ ಮಾತ್ರಕ್ಕೆ ಆಗ ಸೋರಿಲ್ಲ ಅಂತ ಅಲ್ಲ," ಎಂದು ಹೇಳಿ ಫ್ಲಾಸ್ಕನ್ನು ನೆಟ್ಟಗೆ ಮಾಡಿದರು.

ಅಕ್ಕ ಚೂಪಾಗಿ ಏನೋ ಹೇಳಹೊರಟವಳು ತಂಗಿಯ ಮುಖ ನೋಡಿ ನುಂಗಿಕೊಂಡಳು. ತಂಗಿ ಎದ್ದು, ತಟ್ಟೆಯನ್ನು ಒಳಗಿಟ್ಟು ಬಂದು, ಎಲ್ಲರಿಗೂ ಅದೇ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಗಂಡನಿಗೂ ಕೊಟ್ಟಳು. ಸಂಜೆ ಹೊರಡುವಾಗ ಕಾರಿನ ಬಾಗಿಲಿನ ಹತ್ತಿರ ಬರಲಿಲ್ಲ, ನೇರ ಬಸ್ ನಿಲ್ದಾಣಕ್ಕೆ ಹೋಗಿ ನಿಂತಳು. ಕಿವಿರಾಯರು ಕಾರು ನಿಲ್ಲಿಸಿ ಕರೆದರು. ಆಕೆ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಎಂದಿನಂತೆ ಊಟಕ್ಕೆ ಬಡಿಸಿದಳು, ಎಂದಿನಂತೆ ಬಾಗಿಲ ಚಿಲಕ ಹಾಕಿದಳು. ಜಗಳವೇನಾದರೂ ಆಡಿದ್ದರೆ ಕಿವಿರಾಯರು ಗೆದ್ದುಬಿಡುತ್ತಿದ್ದರು, ಅದಕ್ಕೇ ಆಡಲಿಲ್ಲವೋ ಏನೋ. ಮುಂದಿನ ಭಾನುವಾರ ಅವರು ಕಾರು ಹೊರಗೆ ತೆಗೆದು ಹಾರ್ನ್ ಮಾಡಿದಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂಗಳಕ್ಕೆ ಬಂದು ಒಂದೇ ಸಲ ಹೇಳಿದಳು.

"ಅಕ್ಕನ ಮುಂದೆ ನನ್ನ ತಪಾಸಣೆ ಮಾಡಿದ್ರಲ್ಲ, ಅವಳ ಮುಂದೇನೇ ತಪ್ಪು ನಂದು ಅಂತ ಹೇಳಿ. ಅವತ್ತು ಈ ಸೀಟಲ್ಲಿ ಕೂತ್ಕೋತೀನಿ. ಅಲ್ಲೀವರೆಗೂ ನಂಗೆ ಬಸ್ಸಿದೆ."

"ತಪ್ಪು ಇದ್ದರಲ್ವಾ ಹೇಳೋದು?"

"ಹುಡುಕಿ. ನಿಮ್ಮ ಕೆಲಸ ಅದೇ ತಾನೆ."

ಅದಾದ ಮೇಲೆ ಕಿವಿರಾಯರಿಗೆ ಗೆಲುವಿನ ಮೇಲೆ ಗೆಲುವು. ಹೆಂಡತಿ ಕಾರು ಹತ್ತದ ದಿನದಿಂದ ಕಾಲಡಿಯ ಕಾರ್ಪೆಟ್ ಒಣಗಿ ಗರಿಗರಿಯಾಯಿತು. ವಾಸನೆ ಹೋಯಿತು. ಗಾಜು ತಿಳಿಯಾಯಿತು. ಅಷ್ಟೇ ಅಲ್ಲ, ಬಾನೆಟ್ ಎತ್ತಿದರೆ ಹಸಿರು ನೀರು ಗೆರೆಯ ಮೇಲೆ ಕದಲದೆ ನಿಂತಿತ್ತು. ಕೆಳಗಿನ ಹೋಸ್ ಪೈಪ್ ಬದಲಾಯಿಸಿದ್ದೇ ಸರಿಯಾಯಿತೆಂದು ಅವರು ಬದಲಿ ಮೇಸ್ತ್ರಿಯ ಬೆನ್ನು ತಟ್ಟಿದರು. ಮೇಸ್ತ್ರಿ ಇದೆಲ್ಲ ನಿಮ್ಮ ಕಿವಿಯ ಮಹಿಮೆ ಎಂದ. ಎರಡೂ ಪ್ರಕರಣಗಳು ಮುಕ್ತಾಯವಾಗಿದ್ದವು, ಎರಡರಲ್ಲೂ ಇನ್ಸ್‌ಪೆಕ್ಟರರದೇ ಜಯ. ಪಾರ್ಕಿನ ಬೆಂಚಿನಲ್ಲಿ ಇದನ್ನು ವಿವರವಾಗಿ ಹೇಳಿದರು. ಕೇಳಿದವರಲ್ಲಿ ಒಬ್ಬ, ಹಾಗಾದರೆ ಈಗ ಭಾನುವಾರ ಯಾರ ಜೊತೆ ಹೋಗುತ್ತೀರಿ ಎಂದು ಕೇಳಿದ. ಅದು ತಾಂತ್ರಿಕ ಪ್ರಶ್ನೆಯಲ್ಲವೆಂದು ಕಿವಿರಾಯರು ಪಕ್ಕದವನ ಪತ್ರಿಕೆ ಎತ್ತಿಕೊಂಡರು.

ನಿಜವೆಂದರೆ ಭಾನುವಾರಗಳು ಉದ್ದವಾಗಿದ್ದವು. ಆಕೆ ಬೆಳಿಗ್ಗೆ ಬಸ್ಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಬರುವಾಗ ಮುಖ ಕೆಂಪಾಗಿರುತ್ತಿತ್ತು, ದಾರಿಯಲ್ಲಿ ನಕ್ಕ ನಗು ಇನ್ನೂ ತುಟಿಯ ತುದಿಯಲ್ಲಿ ಉಳಿದಿರುತ್ತಿತ್ತು. ಬಸ್ಸಿನಲ್ಲಿ ದರ್ಜಿಯ ಹೆಂಡತಿ ಆಕೆಗೊಂದು ಸೀಟು ಹಿಡಿದಿಡುತ್ತಾಳಂತೆ. ಕಂಡಕ್ಟರ್ ಅಮ್ಮಾ ಎನ್ನುತ್ತಾನಂತೆ. ಇವೆಲ್ಲ ಆಕೆ ಗಂಡನಿಗೆ ಹೇಳಿದ್ದಲ್ಲ. ಫೋನಿನಲ್ಲಿ ಅಕ್ಕನಿಗೆ ಹೇಳುವಾಗ ಅವರು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡದ್ದು. ಲೋಕದಲ್ಲಿ ಗಂಡಸರು ಗಂಡಸರ ಮೇಲೆ ಹೊಟ್ಟೆಕಿಚ್ಚು ಪಡುತ್ತಾರೆ, ಕಿವಿರಾಯರು ಒಂದು ಬಸ್ಸಿನ ಮೇಲೆ ಪಟ್ಟರು.

ಕಾರಿನಲ್ಲಿ ಪಕ್ಕದ ಸೀಟು ಖಾಲಿ. ಆಕೆ ಕೂತು ಕೂತು ಬಿದ್ದ ತಗ್ಗು ಹಾಗೇ ಇತ್ತು. ಅದರಲ್ಲಿ ತರಕಾರಿ ಚೀಲ ಇಟ್ಟರೆ ತಿರುವಿನಲ್ಲಿ ಉರುಳುತ್ತಿತ್ತು. ಆಕೆ ಎಂದೂ ಉರುಳಿರಲಿಲ್ಲ. ಒಮ್ಮೆ ರಸ್ತೆಯಲ್ಲಿ ಹೊಸ ಗುಂಡಿ ಕಂಡು, ಹಿಡ್ಕೋ ಎಂದು ಚೀಲಕ್ಕೆ ಹೇಳಿಬಿಟ್ಟು, ಯಾರಾದರೂ ಕೇಳಿದರೇ ಎಂದು ಕನ್ನಡಿ ನೋಡಿಕೊಂಡರು. ಕಾರು ಸುಸ್ಥಿತಿಯಲ್ಲಿತ್ತು. ಎಂಜಿನ್ನಿನ ಸದ್ದು ಒಂದು ಎಳೆಯೂ ತಪ್ಪದೆ ಕೇಳಿಸುತ್ತಿತ್ತು. ಅದೊಂದೇ ಕೇಳಿಸುತ್ತಿತ್ತು.

ಕೊನೆಗೆ ಅವರೊಂದು ಉಪಾಯ ಹೂಡಿದರು. ಮುಂದಿನ ಭಾನುವಾರ ತಾವೂ ಬೆಟ್ಟದ ಆಚೆಗೆ ಹೋಗುವುದು, ಅಕ್ಕನನ್ನು ಮಧ್ಯಸ್ಥಿಕೆಗೆ ಒಪ್ಪಿಸುವುದು, ಹೆಂಡತಿ ಬಸ್ಸಿನಿಂದ ಇಳಿದು ಬರುವಷ್ಟರಲ್ಲಿ ಮಾತು ಮುಗಿಸಿ ಸಂಜೆ ಕಾರಿನಲ್ಲೇ ವಾಪಸು ಕರೆತರುವುದು. ಕ್ಷಮೆಯ ಮಾತು ಬರದ ಹಾಗೆ ರಾಜಿ ಮಾಡಿಸಬೇಕು. ಜಟ್ಟಿ ಕೆಳಗೆ ಬೀಳಬೇಕು, ಮೀಸೆ ಮಣ್ಣಾಗಬಾರದು. ಇಂಥ ರಾಜಿಗಳನ್ನು ಇಲಾಖೆಯಲ್ಲಿ ಬೇಕಾದಷ್ಟು ನೋಡಿದ್ದರು.

ಆ ವಾರ ಅವರಿಗೆ ಶೀತವಾಗಿತ್ತು. ಮೂಗು ಕಟ್ಟಿ, ಕತ್ತಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಹೊರಟರು. ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಹಲ್ಲು ಕಟಕಟ ಎಂದಿತು. ಅಕ್ಕಪಕ್ಕ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಮಗೆ ತಾವೇ ಭತ್ಯೆ ಮಂಜೂರು ಮಾಡಿ ಹೀಟರಿನ ಹಿಡಿ ಎಳೆದರು. ಬಿಸಿಗಾಳಿ ಬಂತು. ಹಾಯೆನಿಸಿತು.

ಮೊದಲ ತಿರುವು ದಾಟುವಾಗ ಗಾಜಿನ ಮೂಲೆಯಲ್ಲಿ ಮಂಜು ಕಾಣಿಸಿತು. ಒರೆಸಿದರು. ಮತ್ತೆ ಬಂತು, ಜಿಡ್ಡು ಜಿಡ್ಡಾಗಿ. ಕಾರಿನಲ್ಲಿ ಮಾತಾಡುವವರು ಯಾರೂ ಇರಲಿಲ್ಲ. ಅವರ ಕಟ್ಟಿದ ಮೂಗಿನಿಂದ ಸರಿಯಾಗಿ ಉಸಿರೂ ಹೊರಡುತ್ತಿರಲಿಲ್ಲ. ಆ ಕಟ್ಟಿದ ಮೂಗನ್ನೂ ತೂರಿಕೊಂಡು ಸ್ವಲ್ಪ ಹೊತ್ತಿನಲ್ಲಿ ಸಿಹಿ ವಾಸನೆ ಬಂತು. ತಲೆಎಣ್ಣೆ ಹಚ್ಚಿಕೊಂಡ ತಲೆ ಆ ಹೊತ್ತಿಗೆ ಬಸ್ಸಿನಲ್ಲಿತ್ತು. ಕಿವಿರಾಯರು ಕಾರಿನ ವೇಗ ತಗ್ಗಿಸಿದರು. ಪಕ್ಕದ ಸೀಟಿನ ಕಡೆ ನೋಡಬಾರದೆಂದು ನಿಶ್ಚಯಿಸಿ, ಅಕ್ಕನ ಮನೆ ಬರುವ ತನಕ ನೋಡಲಿಲ್ಲ.

ಅಕ್ಕನ ಮನೆಯ ಗೇಟಿನ ಎದುರೇ ಬಸ್ ನಿಲ್ದಾಣ. ಕಾರು ನಿಲ್ಲಿಸಿ, ಸುತ್ತು ಹಾಕಿ ಬಂದು, ಆ ಕಡೆಯ ಬಾಗಿಲನ್ನು ಅದರ ಉಪಾಯದಂತೆ ತೆರೆದು, ಕಾರ್ಪೆಟ್ಟಿಗೆ ಅಂಗೈ ಒತ್ತಿದರು. ಬೆಚ್ಚಗಿನ ನೀರು ಬೆರಳ ಸಂದಿಯಿಂದ ಮೇಲೆ ಬಂತು. ತಲೆ ತಗ್ಗಿಸಿ ನೋಡಿದರೆ, ಡ್ಯಾಶ್‌ಬೋರ್ಡಿನ ಒಳಗೆ ಹೀಟರ್ ಇರುವ ಕಡೆಯಿಂದ ಒಂದು ಹನಿ ಇಳಿದು, ತುಸು ಯೋಚಿಸಿ, ಬಿತ್ತು. ಹಸಿರು ಹನಿ. ಹಿಡಿ ಎಳೆದಾಗ ಮಾತ್ರ ಎಂಜಿನ್ನಿನ ಬಿಸಿ ನೀರನ್ನೇ ಒಳಗಿನ ಒಂದು ಪುಟ್ಟ ರೇಡಿಯೇಟರಿಗೆ ಹರಿಸಿ ಹೀಟರ್ ಗಾಳಿ ಕಾಯಿಸುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದದ್ದು ತಾಂತ್ರಿಕ ಶಾಖೆಯಲ್ಲಿತ್ತು.

ಆ ಕ್ಷಣದಲ್ಲಿ ಅವರ ಮನಸ್ಸಿಗೆ ಬಂದ ಮೊದಲ ಯೋಚನೆ ಪಶ್ಚಾತ್ತಾಪದ್ದೆಂದು ಬರೆಯಲು ಆಸೆಯಾಗುತ್ತದೆ, ಆದರೆ ಅಲ್ಲ. ಬಸ್ಸು ಇನ್ನೂ ಬಂದಿಲ್ಲ ಎಂಬುದು ಮೊದಲ ಯೋಚನೆ. ಯಾರೂ ನೋಡಿಲ್ಲ. ಈಗ ಒರೆಸಿಬಿಟ್ಟರೆ, ನಾಳೆ ಮೇಸ್ತ್ರಿಯ ಹತ್ತಿರ ಗುಟ್ಟಾಗಿ ಹೀಟರಿನ ಪೈಪ್ ಕಟ್ಟಿಸಿಬಿಟ್ಟರೆ, ಹೆಂಡತಿಯ ಫ್ಲಾಸ್ಕು ಆಜೀವ ಅಪರಾಧಿಯಾಗಿಯೇ ಉಳಿಯುತ್ತದೆ, ಇನ್ಸ್‌ಪೆಕ್ಟರರ ಕಿವಿ ಕಿವಿಯಾಗಿಯೇ ಉಳಿಯುತ್ತದೆ. ಒರೆಸಲು ಬಟ್ಟೆ ಹುಡುಕಿದರು, ಸಿಗಲಿಲ್ಲ. ಕತ್ತಿನ ಮಫ್ಲರ್ ಬಿಚ್ಚಿದರು. ಮಂಡಿಯೂರಿ, ಅರ್ಧ ದೇಹ ಕಾರಿನೊಳಗೂ ಉಳಿದರ್ಧ ಸಾರ್ವಜನಿಕ ರಸ್ತೆಯಲ್ಲೂ ಇಟ್ಟುಕೊಂಡು, ಉಜ್ಜಿ, ಹಿಂಡಿ, ಮತ್ತೆ ಉಜ್ಜತೊಡಗಿದರು. ಮೈಲಿ ದೂರದ ಪೈಪಿನ ಸದ್ದು ಕೇಳುತ್ತಿದ್ದ ಕಿವಿಗೆ, ಬೆನ್ನ ಹಿಂದೆ ಬಸ್ಸು ಬಂದು ನಿಂತು ಹೋದದ್ದು ಕೇಳಿಸಲಿಲ್ಲ.

"ಏನ್ರೀ ಮಾಡ್ತಿದ್ದೀರಿ?"

ತಲೆ ಎತ್ತಿದ ರಭಸಕ್ಕೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಹೆಂಡತಿ ನಿಂತಿದ್ದಳು. ಜೊತೆಗೆ, ಅದೇ ನಿಲ್ದಾಣದಲ್ಲಿ ಇಳಿದಿದ್ದ ದರ್ಜಿಯ ಹೆಂಡತಿಯೂ ನಿಂತಿದ್ದಳು.

"ಏನಿಲ್ಲ. ಧೂಳು," ಎಂದರು.

ಆಕೆ ಅವರ ಕೈಯನ್ನು ನೋಡಿದಳು. ಹಿಂಡಿದ ಮಫ್ಲರಿನಿಂದ ತೊಟ್ಟಿಕ್ಕುತ್ತಿದ್ದುದನ್ನು ನೋಡಿದಳು.

"ಧೂಳು ಹಿಂಡಿದ್ರೆ ಹಸಿರು ನೀರು ಬರುತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಿವಿರಾಯರು ಮಫ್ಲರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಅದು ಪ್ಯಾಂಟಿನ ಮೇಲೆಲ್ಲ ಸುರಿಯಿತು. ದರ್ಜಿಯ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ತನ್ನ ದಾರಿ ಹಿಡಿದಳು. ಹೆಂಡತಿ ಗೇಟು ತೆಗೆದು, ಒಳಗೆ ಹೋಗಿ, ಗೇಟನ್ನು ಹಾಕದೆ ಬಿಟ್ಟಳು.

ತೆರೆದ ಗೇಟನ್ನು ನೋಡುತ್ತ ಕಿವಿರಾಯರು ಬಹಳ ಹೊತ್ತು ರಸ್ತೆಯಲ್ಲೇ ನಿಂತರು. ಕಾರು ಹತ್ತಿ ಹಿಂತಿರುಗಬಹುದಿತ್ತು. ಹಾಗೆ ಹೋದರೆ ಪಕ್ಕದ ಸೀಟಿನಲ್ಲಿ ತರಕಾರಿ ಚೀಲವೇ ಗತಿ, ಸಾಯುವ ತನಕ. ಎಲ್ಲೆಲ್ಲೋ ಅಗೆಸಿ ಮುಚ್ಚಿಸಿದ ಬೀದಿಗಳು, ಅವುಗಳ ಪಕ್ಕದ ಬಾಗಿಲುಗಳಲ್ಲಿ ಸೆರಗಿಗೆ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಮುಖಗಳು ಏಕೋ ನೆನಪಾದವು. ಒಂದರದೂ ಹೆಸರು ಗೊತ್ತಿರಲಿಲ್ಲ. ಒದ್ದೆ ಪ್ಯಾಂಟಿನಲ್ಲೇ ಒಳಗೆ ಹೋದರು.

ಅಕ್ಕ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ತಂಗಿ ಕೆಳಗೆ ಕೂತು ಬಟಾಣಿ ಸುಲಿಯುತ್ತಿದ್ದಳು. ಕಿವಿರಾಯರು ನಿಂತೇ, ಗಂಟಲು ಸರಿಪಡಿಸಿಕೊಂಡು ಶುರುಮಾಡಿದರು. ವಾಹನದ ಸೋರಿಕೆಗೆ ಸಂಬಂಧಿಸಿದಂತೆ ಮರುಪರಿಶೀಲನೆ ನಡೆದಿದೆ. ಮೂಲವು ಹೀಟರಿನ ಭಾಗದಲ್ಲಿ ಇರಬಹುದೆಂದು ಮೇಲ್ನೋಟಕ್ಕೆ ಕಂಡುಬರುತ್ತದೆ. ಹಿಂದಿನ ತೀರ್ಮಾನಗಳನ್ನು ಈ ಬೆಳಕಿನಲ್ಲಿ ನೋಡಬೇಕಾಗುತ್ತದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತು ಆ ಕಡೆಯನ್ನೂ ಬೆಳಗದೆ ಈ ಕಡೆಯನ್ನೂ ಬೆಳಗದೆ ಸಾಗಿತು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು.

"ರಾಯರೇ, ನಾನು ಹೆರಿಗೆ ಮಾಡಿಸಿದವಳು," ಎಂದಳು. "ತಲೆ ಕಾಣಿಸ್ತಾ ಇದೆ. ಇನ್ನು ಸ್ವಲ್ಪ ತಿಣುಕಿ."

ಕಿವಿರಾಯರು ಕಿಟಕಿಯ ಕಡೆ ತಿರುಗಿದರು. "ಫ್ಲಾಸ್ಕು ಸೋರಿರಲಿಲ್ಲ."

"ಫ್ಲಾಸ್ಕಿನ ಹತ್ರ ಮಾತಾಡ್ತಿದ್ದೀರಾ? ಅದು ಅಡುಗೆಮನೇಲಿದೆ."

ಬಟಾಣಿ ಸುಲಿಯುವ ಕೈ ನಿಂತಿತ್ತು.

"ತಪ್ಪು ನಂದು," ಎಂದರು ಕಿಟಕಿಗೆ. ಆಮೇಲೆ ತಿರುಗಿ, ಹೆಂಡತಿಯ ಮಡಿಲಲ್ಲಿದ್ದ ಬಟಾಣಿಯನ್ನು ನೋಡುತ್ತ ಹೇಳಿದರು: "ಇವಳು ಪ್ರತಿ ವಾರ ಹೇಳಿದ್ಲು. ನಾನು ಕೇಳಲಿಲ್ಲ."

ಬಟಾಣಿಯ ಸಿಪ್ಪೆ ಮತ್ತೆ ಚಿಟ್ ಎಂದು ಒಡೆಯಿತು. ಅಕ್ಕ ಒಳಗೆ ಒಂದು ಹಳೆಯ ಪಂಚೆ ಇದೆ, ಉಟ್ಟುಕೊಳ್ಳಿ, ಆ ಪ್ಯಾಂಟು ಒಣಗಲಿ ಎಂದಳು. ಅಷ್ಟೇ ಸಮಾರಂಭ. ಸಂಜೆ ಹೆಂಡತಿ ಬಸ್ಸಿನಲ್ಲೇ ಹೋದಳು. ಕಾರ್ಪೆಟ್ ಒದ್ದೆಯಿದೆಯಲ್ಲ, ಎಂದಳು.

ಬದಲಿ ಮೇಸ್ತ್ರಿ ಡ್ಯಾಶ್‌ಬೋರ್ಡ್ ಬಿಚ್ಚಿ, ತೂತು ಬಿದ್ದ ಹೀಟರಿನ ರೇಡಿಯೇಟರನ್ನು ಹೊರಗೆಳೆದು, ನನಗೆ ಮೊದಲಿಂದಲೂ ಇಲ್ಲೇ ಅನುಮಾನವಿತ್ತು ಎಂದ. ಹಾಗಾದರೆ ಪಂಪನ್ನು ಏಕೆ ಬದಲಾಯಿಸಿದೆ ಎಂದು ಕೇಳಿದರೆ, ನೀವು ಹೇಳಿದಿರಿ ಎಂದ. ಇಷ್ಟು ಹಳೆಯ ಕಾರಿಗೆ ಆ ಭಾಗ ಎಲ್ಲೂ ಸಿಗುವುದಿಲ್ಲವೆಂದು, ಹೀಟರಿಗೆ ಹೋಗುವ ಪೈಪನ್ನೂ ಅಲ್ಲಿಂದ ಬರುವ ಪೈಪನ್ನೂ ಒಂದಕ್ಕೊಂದು ಜೋಡಿಸಿ ಬಿಗಿದ. ಬದಲಾಯಿಸಲಾಗದೆ ಅವನು ಮಾಡಿದ ಮೊದಲ ರಿಪೇರಿ ಅದು. ಸೋರುವುದು ನಿಂತಿತು, ಬೆಚ್ಚಗಾಗುವುದೂ ನಿಂತಿತು.

ಮುಂದಿನ ಭಾನುವಾರ ಕಿವಿರಾಯರು ಬೇಗ ಎದ್ದು, ವಾರದ ನಡುವೆಯೇ ಕಿತ್ತು ತೊಳೆದು ಒಣಗಿಸಿಟ್ಟಿದ್ದ ಕಾರ್ಪೆಟ್ಟನ್ನು ಹಾಸಿ, ಹಾರ್ನ್ ಮಾಡದೆ ಕಾದರು. ಹೆಂಡತಿ ಭುಜಕ್ಕೊಂದು ಶಾಲು, ತೊಡೆಗೊಂದು ಕಂಬಳಿ ಹಿಡಿದುಕೊಂಡು ಬಂದಳು. ಬಾಗಿಲು ಹಾಕುವ ಉಪಾಯ ಅವಳಿಗೂ ಗೊತ್ತಿತ್ತು. ಕೂತ ಮೇಲೆ ಚಪ್ಪಲಿ ಬಿಟ್ಟಳು, ಆ ಚಳಿಯಲ್ಲಿ ಕಾಲುಚೀಲವನ್ನೂ ಕಳಚಿದಳು. ಬರಿಯ ಅಂಗಾಲನ್ನು ಕಾರ್ಪೆಟ್ಟಿನ ಮೇಲೆ ಊರಿ, ನಿಧಾನವಾಗಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸತೊಡಗಿದಳು. ಸ್ವಲ್ಪ ಸರಿಸುವುದು, ಒತ್ತುವುದು, ಕಾಯುವುದು. ಮುಖದಲ್ಲಿ ಏನೂ ಇರಲಿಲ್ಲ.

ಊರು ದಾಟಿತು, ಬೆಟ್ಟ ಶುರುವಾಯಿತು. ಆಕೆ ದರ್ಜಿಯ ಮನೆಯ ಸುದ್ದಿ ಹೇಳಿದಳು, ಕಂಡಕ್ಟರನ ಮಗಳ ಸುದ್ದಿ ಹೇಳಿದಳು. ಪಾದ ಮಾತ್ರ ತನ್ನ ಕೆಲಸ ನಿಲ್ಲಿಸಿರಲಿಲ್ಲ. ಕಿವಿರಾಯರಿಗೆ ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಆ ಪಾದದ ಮೇಲೆ. ಎಲ್ಲ ತಿರುವುಗಳನ್ನೂ ತಡೆದುಕೊಂಡು ಬಂದವರು ನೆತ್ತಿಯ ಹತ್ತಿರ ತಡೆಯಲಾರದೆ ಕೇಳಿಯೇಬಿಟ್ಟರು.

"ಒಣಗಿದೆಯಾ?"

"ರಸ್ತೆ ನೋಡಿ," ಎಂದಳು ಆಕೆ. "ಹೇಳ್ತೀನಿ."